ಏಳನೆಯ ಫಾರಂ

ಆ ವರ್ಷ ಆಯುಧಪೂಜೆಗೆ ಪ್ರೆಸ್ಸಿಗೆ ಹೋಗುವಾಗ ನಾನು ಹೊಸ ಸೀರೆ ಉಟ್ಟಿದ್ದೆ. ಹಸಿರು ಮೈ, ಅರಿಸಿನ ಬಣ್ಣದ ಅಂಚು. ಮತ್ತೆ ಅದನ್ನು ಉಡಲು ಮನಸ್ಸು ಬರಲಿಲ್ಲ, ತಂಗಿಗೆ ಕೊಟ್ಟುಬಿಟ್ಟೆ. ಸೀರೆ ಏನು ಪಾಪ ಮಾಡಿತ್ತು ಎಂದು ಅವಳು ಕೇಳಿದಳು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿತ್ತು. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ, ಅದರಾಚೆ ಹೊಸಕೆರೆಹಳ್ಳಿಯ ಕೆರೆ. ಮಲ್ಲೇಶ್ವರದ ನೆಂಟರು ಬಂದರೆ, "ನೀವಿರೋದು ಬೆಂಗಳೂರೇನಾ?" ಎಂದು ನಕ್ಕು, ಕತ್ತಲಾಗುವುದರೊಳಗೆ ಹೊರಟುಬಿಡುತ್ತಿದ್ದರು. ನನ್ನ ಯಜಮಾನರು ಕಾರ್ಖಾನೆಯಲ್ಲಿ ಫಿಟ್ಟರ್. ಸೈಕಲ್ಲಿನಲ್ಲಿ ಹೋಗಿ ಸೈಕಲ್ಲಿನಲ್ಲಿ ಬರುತ್ತಿದ್ದರು. ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೆ, ಬರೆದದ್ದನ್ನು ನಾನೇ ಅಚ್ಚು ಹಾಕಿಸುತ್ತಿದ್ದೆ, ಅಚ್ಚಾದದ್ದನ್ನು ವೈರ್ ಬ್ಯಾಗಿನಲ್ಲಿ ತುಂಬಿಕೊಂಡು ಅಂಗಡಿ ಅಂಗಡಿ ಸುತ್ತುತ್ತಿದ್ದೆ. ಇದಕ್ಕೆ ಪ್ರಕಾಶನ ಎಂದು ಹೆಸರು. ಅಂಗಡಿಯವರು ನನ್ನ ಹಿಂದೆ ಇಣುಕಿ, "ಯಜಮಾನ್ರು ಬರ್ಲಿಲ್ವಾ ಅಮ್ಮಾ?" ಎನ್ನುತ್ತಿದ್ದರು. ಲೇಖಕಿ ಒಬ್ಬಳು ಬರಬಹುದು, ಪ್ರಕಾಶಕಿ ಬರುವುದು ಅವರ ತಲೆಗೆ ಹೋಗುತ್ತಿರಲಿಲ್ಲ.

ಪ್ರಕಾಶಕಿಯಾಗಬೇಕೆಂದು ನಾನೇನು ಹರಕೆ ಹೊತ್ತಿರಲಿಲ್ಲ. ನನಗೆ ಒಬ್ಬ ಮಗ ಇದ್ದ. ಆರು ತುಂಬುವ ಮೊದಲೇ ಜ್ವರದಲ್ಲಿ ಹೋದ. ಅವನ ಒಂದು ಫೋಟೋ ಸಹ ನಮ್ಮಲ್ಲಿಲ್ಲ. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದೆವು, ತಲೆ ಬೋಳಾಗಿತ್ತು. ಕೂದಲು ಬರಲಿ, ಗಾಂಧಿಬಜಾರಿನ ಸ್ಟುಡಿಯೋದಲ್ಲಿ ಚೆನ್ನಾಗಿ ತೆಗೆಸೋಣ ಎಂದು ಮುಂದೂಡಿದೆವು. ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ಅವನು ಹೋದ ಮೇಲೆ ಅವನ ಮುಖ ನನ್ನ ಕಣ್ಣಿಂದ ಸ್ವಲ್ಪ ಸ್ವಲ್ಪವೇ ಮಾಸುತ್ತಿರುವುದು ಗೊತ್ತಾಗಿ ಹೆದರಿ, ಒಂದು ಕಾದಂಬರಿ ಬರೆಯತೊಡಗಿದೆ. ಬೇರೆ ಹೆಸರು, ಬೇರೆ ಅಪ್ಪ ಅಮ್ಮ. ಮಗು ಮಾತ್ರ ಅವನೇ. ಅವನ ನಡಿಗೆ, ಅವನ ಹಟ, ಸಾರಿನಲ್ಲಿ ಕರಿಬೇವು ಸಿಕ್ಕರೆ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಡುವ ಅವನ ಅಭ್ಯಾಸ. ವರ್ಷಗಳೇ ಹಿಡಿದವು.

ಬರೆದು ಮುಗಿಸಿ ಹೆಸರಾಂತ ಪ್ರಕಾಶಕರೊಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಓದಿದರು, ಅದು ಅವರ ದೊಡ್ಡತನ. ಓದಿ, "ಚೆನ್ನಾಗಿದೆಯಮ್ಮಾ, ಆದ್ರೆ ಮಗು ಸಾಯೋದು ಬೇಡ. ಹೆಂಗಸ್ರು ಓದಲ್ಲ. ಹುಷಾರಾಗಿ ಮನೆಗೆ ಬರೋ ಹಾಗೆ ಮಾಡ್ಕೊಡಿ, ಹಾಕೋಣ," ಎಂದರು. ನಾನು ಹಸ್ತಪ್ರತಿ ಎತ್ತಿಕೊಂಡು ಮೆಟ್ಟಿಲಿಳಿದೆ. ಬಸ್ ಸ್ಟಾಪಿನಲ್ಲಿ ನಿಂತು ಅತ್ತೆ. ಸಿಟ್ಟಿನಿಂದ ಅತ್ತದ್ದು. ಅವನು ಹುಷಾರಾಗಿ ಬರುವ ಹಾಗೆ ಮಾಡುವುದು ನನ್ನ ಕೈಯಲ್ಲಿದ್ದರೆ ಕಾದಂಬರಿ ಯಾಕೆ ಬರೆಯುತ್ತಿದ್ದೆ? ಆ ಸಿಟ್ಟಿನಲ್ಲೇ ಪ್ರಕಾಶನ ಶುರು ಮಾಡಿದೆ. ಕೈ ಪಳಗಲೆಂದು ಮೊದಲು ಎರಡು ಸಣ್ಣ ಕಥಾಸಂಕಲನ ತಂದೆ. ಆಮೇಲೆ ಈ ಕಾದಂಬರಿಯನ್ನು ಪ್ರೆಸ್ಸಿಗೆ ಕೊಟ್ಟೆ.

ಪ್ರೆಸ್ಸು ಜಯನಗರ ಮೂರನೇ ಬ್ಲಾಕಿನ ಹಿಂದಿನ ಓಣಿಯಲ್ಲಿತ್ತು. ಮದುವೆ ಕಾಗದ, ಬಿಲ್ ಬುಕ್ಕು, ಆಗೊಮ್ಮೆ ಈಗೊಮ್ಮೆ ನನ್ನಂಥವರ ಪುಸ್ತಕ. ಆಗಿನ ಕೆಲಸ ಹೇಗಿತ್ತೆಂದು ಈಗಿನವರಿಗೆ ಹೇಳಬೇಕು. ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಕಂಪೋಸಿಟರು ಮರದ ಖಾನೆಗಳಿಂದ ಅದನ್ನು ಹೆಕ್ಕಿ ಹೆಕ್ಕಿ ಸಾಲು ಜೋಡಿಸಬೇಕು. ದೊಡ್ಡ ಹಾಳೆಯೊಂದರಲ್ಲಿ ಹದಿನಾರು ಪುಟ ಕೂರುತ್ತವೆ, ಅದಕ್ಕೆ ಒಂದು ಫಾರಂ ಎನ್ನುತ್ತಿದ್ದರು. ಫಾರಂ ಅಚ್ಚಾದ ಮೇಲೆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಮತ್ತೆ ಖಾನೆಗೆ ಹಾಕಿ, ಅವೇ ಮೊಳೆಗಳಿಂದ ಮುಂದಿನ ಫಾರಂ ಜೋಡಿಸಬೇಕು. ಇಡೀ ಪುಸ್ತಕಕ್ಕೆ ಆಗುವಷ್ಟು ಅಕ್ಷರ ಯಾವ ಸಣ್ಣ ಪ್ರೆಸ್ಸಿನಲ್ಲೂ ಇರುತ್ತಿರಲಿಲ್ಲ. ಅಚ್ಚಾದ ಹಾಳೆಗಳು ಮಾತ್ರ ಉಳಿಯುತ್ತವೆ, ಅವನ್ನು ಬೈಂಡಿಂಗಿನ ತನಕ ಪ್ರಕಾಶಕರು ಮನೆಯಲ್ಲಿ ಪೇರಿಸಿಟ್ಟುಕೊಳ್ಳಬೇಕು. ನಮ್ಮ ಮುಂದಿನ ಕೋಣೆಯಲ್ಲಿ ಅವು ಕಿಟಕಿಯ ಎತ್ತರಕ್ಕೆ ಬೆಳೆದಿದ್ದವು. ಗೆದ್ದಲು ಬರದಿರಲೆಂದು ನಾನು ದಿನಾ ಬೆಳಿಗ್ಗೆ ಅಡಿಯ ಹಲಗೆಗಳನ್ನು ಮುಟ್ಟಿ ನೋಡುತ್ತಿದ್ದೆ.

ಆರು ಫಾರಂ ಸಲೀಸಾಗಿ ಆದವು. ಆರನೆಯದರ ಕೊನೆಯ ಸಾಲು, "ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಮಗುವನ್ನು ಕೂರಿಸಿಕೊಂಡು," ಎಂದು ಅಲ್ಲಿಗೆ ನಿಂತಿತ್ತು. ಎಂಟನೆಯ ಫಾರಂ, "ಆಸ್ಪತ್ರೆಯ ಬಾಗಿಲು ತೆರೆದೇ ಇತ್ತು" ಎಂದು ಶುರುವಾಗುತ್ತಿತ್ತು. ನಡುವಿನ ಹದಿನಾರು ಪುಟ ಪೂರ್ತಿ ದಾರಿ. ಅಪ್ಪ ಮಗುವನ್ನು ಸೈಕಲ್ಲಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ದಾರಿ.

ಅದೇ ನನಗೆ ಗೊತ್ತಿಲ್ಲದ ಜಾಗ. ಆವತ್ತು ಬೆಳಗಿನ ಜಾವ ಮಗನಿಗೆ ಜ್ವರ ನೆತ್ತಿಗೇರಿತ್ತು. ಎಳೆಗೂಸು ಮಗಳಿಗೂ ಮೈ ಬಿಸಿ ಇದ್ದದ್ದರಿಂದ ನಾನು ಮನೆಯಲ್ಲಿ ಉಳಿದೆ. ನಮ್ಮ ಕಡೆಗೆ ಆ ಹೊತ್ತಿನಲ್ಲಿ ಆಟೋ ಬರುತ್ತಿರಲಿಲ್ಲ, ಬಸ್ಸೂ ಇರಲಿಲ್ಲ. ಯಜಮಾನರು ಅವನನ್ನು ಶಾಲಿನಲ್ಲಿ ಸುತ್ತಿ ಸೈಕಲ್ಲಿನ ಕಂಬಿಯ ಮೇಲೆ ಕೂರಿಸಿಕೊಂಡು, ಮಾರ್ಕೆಟ್ಟಿನ ಕಡೆಯ ದೊಡ್ಡಾಸ್ಪತ್ರೆಗೆ ಹೊರಟರು. ಮಧ್ಯಾಹ್ನ ಹಿಂದಿರುಗಿದಾಗ ಮಗು ಇರಲಿಲ್ಲ, ಮೈ ಮಾತ್ರ ಇತ್ತು. "ಆಸ್ಪತ್ರೇಲಿ ಬೆಡ್ ಮೇಲೆ ಮಲಗ್ಸಿದ್ರು. ಸ್ವಲ್ಪ ಹಾಲು ಕುಡ್ದ. ಅಮ್ಮ ಎಲ್ಲಿ ಅಂದ. ಆಮೇಲೆ ನಿದ್ದೆ ಬಂದ್ಹಾಗೆ ಹೋಗ್ಬಿಟ್ಟ," ಎಂದರು. ಅಷ್ಟೇ. ಅದಾದ ಮೇಲೆ ಆ ದಿನದ ಬಗ್ಗೆ ಅವರ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮಗುವಿನ ಅಂಗಿಯ ತೋಳಿನ ಮೇಲೆ ಕಪ್ಪು ಗ್ರೀಸಿನ ಕಲೆ ಇತ್ತು. ಅದೇನು ಎಂದು ಒಂದು ಸಲ ಕೇಳಿದ್ದೆ. "ಸೈಕಲ್ ಚೈನು," ಎಂದು ಹೇಳಿ ಎದ್ದು ಹೋಗಿದ್ದರು.

ಹಾಗಾಗಿ ದಾರಿಯನ್ನು ನಾನು ಕಟ್ಟಿಕೊಂಡೆ. ನನ್ನ ಹದಿನಾರು ಪುಟದಲ್ಲಿ ಅಪ್ಪ ದಾರಿಯುದ್ದಕ್ಕೂ ಮಗುವಿಗೆ ರೈಲಿನ ಕಥೆ ಹೇಳುತ್ತಾನೆ. ಮಗು ಪ್ರಶ್ನೆ ಕೇಳುತ್ತದೆ. ಕೆರೆಯ ಮೇಲೆ ಬೆಳಕು ಬರುತ್ತದೆ. ಚೆನ್ನಾಗಿಯೇ ಬಂದಿತ್ತು, ಆದರೆ ನನಗೆ ಅದರ ಮೇಲೆ ನಂಬಿಕೆ ಕೂರುತ್ತಿರಲಿಲ್ಲ. ಪ್ರೆಸ್ಸಿನಿಂದ ಕರಡು ಬಂದಾಗಲೆಲ್ಲ ತಿದ್ದಿದೆ, ತಿದ್ದಿ ಕಳಿಸಿ ಮತ್ತೆ ಕರಡು ಕೇಳಿದೆ. ಅಂಚಿನಲ್ಲಿ ಜಾಗ ಸಾಲದೆ ಹಿಂದಿನ ಮಗ್ಗುಲಲ್ಲಿ ಬರೆದೆ. ಪ್ರೆಸ್ಸಿನ ಮಾಲೀಕರು ಒಳ್ಳೆಯವರು, ಆದರೂ ಅವರಿಗೂ ಸಾಕಾಯಿತು.

"ಅಕ್ಷರ ಎಲ್ಲಾ ನಿಮ್ಮ ಫಾರಂನಲ್ಲೇ ಕಟ್ಟಿ ಕೂತಿದೆಯಮ್ಮಾ. ಮದ್ವೆ ಕಾಗ್ದ ಜೋಡ್ಸಕ್ಕೂ ಮೊಳೆ ಇಲ್ಲ. ಮುಂದಿನದಾದ್ರೂ ಓಡಿಸ್ಲಾ?"

"ಓಡ್ಸಿ, ಇದೊಂದನ್ನ ಮಾತ್ರ ಬಿಡಿ," ಎಂದೆ.

ಅವರು ಇದ್ದಬದ್ದ ಮೊಳೆಗಳಲ್ಲಿ ಎಂಟು ಮತ್ತು ಕೊನೆಯ ಒಂಬತ್ತನೆಯ ಫಾರಂ ಮುಗಿಸಿದರು. ಏಳನೆಯದು ಹಗ್ಗ ಕಟ್ಟಿಸಿಕೊಂಡು ಕಲ್ಲಿನ ಮೇಜಿನ ಮೇಲೆ ಕೂತೇ ಇತ್ತು.

ಅಷ್ಟರಲ್ಲಿ ದಸರಾ ಬಂತು. ಸರಸ್ವತಿ ಪೂಜೆಗೆ ಪುಸ್ತಕ, ಪೆನ್ನು ಎಲ್ಲವನ್ನೂ ದೇವರ ಮುಂದೆ ಇಟ್ಟರೆ ವಿಜಯದಶಮಿಯ ತನಕ ಓದುವಂತಿಲ್ಲ, ಬರೆಯುವಂತಿಲ್ಲ. ನಮ್ಮ ಮನೆಯಲ್ಲಿ ಆ ನೇಮ ಕಟ್ಟುನಿಟ್ಟು. ನನಗೆ ಅದೊಂದು ನೆಪವಾಯಿತು. ಪೂಜೆಯ ಹಿಂದಿನ ದಿನ ಮನಸ್ಸು ಗಟ್ಟಿ ಮಾಡಿ ಕೊನೆಯ ಕರಡಿನ ಮೇಲೆ "ಅಚ್ಚಿಗೆ ಕೊಡಬಹುದು" ಎಂದು ಬರೆದು ಸಹಿ ಹಾಕಿದೆ. ಹಸ್ತಪ್ರತಿಯ ಪುಟಗಳನ್ನೂ ಹಿಂದಿನ ಕರಡುಗಳನ್ನೂ ಜೊತೆಗೆ ಕಟ್ಟಿ ಯಜಮಾನರ ಕೈಗೆ ಕೊಟ್ಟೆ. ಕಂಪೋಸಿಟರು ಅನುಮಾನ ಬಂದರೆ ಮೂಲ ನೋಡಲೆಂದು ಯಾವಾಗಲೂ ಹಾಗೆಯೇ ಕಳಿಸುತ್ತಿದ್ದೆ. ಕಚ್ಚಾ ಪ್ರತಿ ಯಾವತ್ತೋ ಹಂಡೆಯ ಒಲೆ ಸೇರಿತ್ತು. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಯಜಮಾನರು ಅದನ್ನು ಪ್ರೆಸ್ಸಿನ ಹುಡುಗನ ಕೈಗೆ ಮುಟ್ಟಿಸಿದರು. ಆವತ್ತು ಶಿಫ್ಟಿಗೆ ತಡವಾಯಿತಂತೆ. ಕೇಳಿದ್ದಕ್ಕೆ ಪಂಕ್ಚರ್ ಎಂದರು.

ನಂತರ ಬಂದದ್ದು ಆ ಹಸಿರು ಸೀರೆಯ ದಿನ. ಗಿರಾಕಿಗಳನ್ನು ಪೂಜೆಗೆ ಕರೆಯುವುದು ಪ್ರೆಸ್ಸಿನವರ ಪದ್ಧತಿ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಮಷೀನಿಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ವರ್ಷವಿಡೀ ಮಸಿ ಮೆತ್ತಿಕೊಂಡಿರುತ್ತಿದ್ದ ಜಾಗ ಫಳಫಳ ಹೊಳೆಯುತ್ತಿತ್ತು. ಖಾನೆಗಳನ್ನೆಲ್ಲ ಧೂಳು ಊದಿ ಸಾಲಾಗಿ ಜೋಡಿಸಿದ್ದರು. ತೊಳೆದ ಮೊಳೆಗಳು ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ನಾನು ಮೆಚ್ಚಿ ನೋಡುತ್ತಾ ನಿಂತೆ, ಅದು ನಿಜ. ಆಮೇಲೆ ಕಲ್ಲಿನ ಮೇಜು ಕಂಡಿತು. ಅದರ ಮೇಲೆ ಒಂದು ಬೂದುಗುಂಬಳಕಾಯಿ ಬಿಟ್ಟರೆ ಏನೂ ಇರಲಿಲ್ಲ.

ಹಿರಿಯ ಕಂಪೋಸಿಟರು ಒಗೆದ ಪಂಚೆ ಉಟ್ಟು ಊದುಬತ್ತಿ ಹಚ್ಚುತ್ತಿದ್ದರು.

"ಏಳನೇ ಫಾರಂ ಎಲ್ಲಿಟ್ಟಿದೀರಾ?" ಎಂದು ಕೇಳಿದೆ.

"ಏಳು ಆಗೋಯ್ತಲ್ಲಮ್ಮಾ. ಎಂಟೂ ಆಯ್ತು, ಒಂಬತ್ತೂ ಆಯ್ತು."

"ಎಂಟು, ಒಂಬತ್ತು ಆಗಿರೋದು ಸರಿ. ಏಳು ಆಗಿಲ್ಲ. ಮೊನ್ನೆ ತಾನೇ ಸಹಿ ಹಾಕಿ ಕಳ್ಸಿದೀನಿ."

ಅವರ ಕೈಯಲ್ಲಿದ್ದ ಬೆಂಕಿಕಡ್ಡಿ ಆರಿತು. "ಕಟ್ಟಿದ ಕೆಲ್ಸ ಕಲ್ಲಿನ ಮೇಲೆ ಬಾಕಿ ಇಟ್ಕೊಂಡು ಪೂಜೆ ಮಾಡ್ಬಾರ್ದು ಅಂತ... ಒಂಬತ್ತಾಗಿದೆ ಅಂದ್ಮೇಲೆ ಏಳು ಆಗಿರತ್ತೆ ಅಂತ... ಎಲ್ರೂ ಕೂತು ಬಿಚ್ಚಿ ತೊಳೆದ್ವಿ ಅಮ್ಮಾ," ಎಂದರು.

ಆ ಮನುಷ್ಯನನ್ನು ಬೈಯಲು ಬಾಯಿ ಬರಲಿಲ್ಲ. ಒಂಬತ್ತನೆಯ ಫಾರಂ ಅಚ್ಚಾಗಿದೆ, ಏಳು ಆಗಿಲ್ಲ ಎಂದು ಯಾರು ತಾನೇ ಎಣಿಸುತ್ತಾರೆ? ಕರಡು, ಹಸ್ತಪ್ರತಿ ಎಲ್ಲಿ ಎಂದೆ. ಮಾಲೀಕರು ಮೂಲೆಗೆ ಓಡಿದರು, ಮೇಜಿನ ಕೆಳಗೆ ನೋಡಿದರು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದಗಳನ್ನು ಕಿತ್ತು ನೋಡಿದರು. ಪೂಜೆಗೆ ಗುಡಿಸಿ ಸಾರಿಸುವಾಗ ರದ್ದಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ ರದ್ದಿ ಅಂಗಡಿಗೆ ಹಾಕಿಬಿಟ್ಟಿದ್ದರು. ಅಷ್ಟರಲ್ಲಿ ಪುರೋಹಿತರು ಗಂಟೆ ಬಾರಿಸಿದರು. ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆದರು. ನಾನು ಹೊಸ ಸೀರೆಯಲ್ಲಿ ನಿಂತೇ ಇದ್ದೆ. ಯಾರೋ ಕೈಗೆ ಪುರಿ ಕಡಲೆಯ ಪೊಟ್ಟಣ ಕೊಟ್ಟರು. ರಸ್ತೆಗೆ ಬಂದ ತಕ್ಷಣ ಪುರಿಯನ್ನು ಸೆರಗಿಗೆ ಸುರಿದುಕೊಂಡು ಪೊಟ್ಟಣದ ಕಾಗದ ಬಿಡಿಸಿ ನೋಡಿದೆ. ಯಾರದೋ ಮದುವೆ ಕಾಗದ.

ಆವತ್ತೂ ವಿಜಯದಶಮಿಯ ದಿನವೂ ರದ್ದಿ ಅಂಗಡಿಗೆ ಬೀಗ. ಮಾರನೇ ದಿನ ಬಾಗಿಲು ತೆಗೆಯುವ ಮುಂಚೆ ಹೋಗಿ ಕಾದೆ. ಚೀಲಗಳು ಹಬ್ಬದ ಹಿಂದಿನ ದಿನವೇ ಲಾರಿ ಹತ್ತಿದ್ದವು. ಅಂಗಡಿಯವನು, "ಏನಕ್ಕಾ, ಆಸ್ತಿ ಪತ್ರನಾ?" ಎಂದು ಕಾಳಜಿಯಿಂದಲೇ ಕೇಳಿದ. ಹೌದು ಎಂದೆ. ಬೇರೆ ಏನು ಹೇಳುವುದು?

ಪ್ರೆಸ್ಸಿನ ಮಾಲೀಕರು ಮನೆಗೆ ಬಂದು ಕೈ ಮುಗಿದರು. "ಪುಕ್ಕಟೆ ಜೋಡ್ಸಿಕೊಡ್ತೀನಮ್ಮಾ. ಇನ್ನೊಂದ್ಸಲ ಬರ್ಕೊಡಿ. ನೀವೇ ಅಲ್ವಾ ಬರ್ದಿದ್ದು?"

ಎಲ್ಲರೂ ಇದನ್ನೇ ಹೇಳಿದರು. ನೀವೇ ಅಲ್ವಾ ಬರೆದದ್ದು. ಹಾಲು ಉಕ್ಕಿ ಹೋದರೆ ಇನ್ನೊಂದು ಲೋಟ ಕಾಯಿಸಿದ ಹಾಗೆ ಇನ್ನೊಂದು ಸಲ ಬರೆಯಬಹುದು ಎಂದು ಜನ ತಿಳಿದಿದ್ದಾರೆ. ನಾನು ಕೂತೆ. ಅಡುಗೆಮನೆಯಲ್ಲಿ ಕೂತೆ, ಹಿತ್ತಲಲ್ಲಿ ಕೂತೆ, ಪೇರಿಸಿಟ್ಟ ಹಾಳೆಗಳ ಮಗ್ಗುಲಲ್ಲಿ ಚಾಪೆ ಹಾಕಿಕೊಂಡು ಕೂತೆ. ಮೊದಲು ಬರೆದಾಗ ಅವನು ಹೋದ ಸಂಕಟ ಹಸಿಯಾಗಿತ್ತು, ಅದೇ ಬರೆಸಿತ್ತು. ಈಗ ಹಿಂದೆ ಬರೆದದ್ದರ ನೆನಪು ಮಾತ್ರ ಇತ್ತು. ರೈಲಿನ ಕಥೆ ನೆನಪಿತ್ತು, ಕೆರೆಯ ಬೆಳಕು ನೆನಪಿತ್ತು. ಮಗು ಮಾತ್ರ ಬರುತ್ತಿರಲಿಲ್ಲ. ಸೈಕಲ್ಲಿನ ಕಂಬಿಯ ಮೇಲೆ ಯಾರದೋ ಮಗು ಕೂತು ನಾನು ಹೇಳಿಕೊಟ್ಟ ಪ್ರಶ್ನೆ ಕೇಳುತ್ತಿತ್ತು. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಸಾಲದ್ದಕ್ಕೆ ಅದು ಸರಿಯಾಗಿ ಹದಿನಾರು ಪುಟ ತುಂಬಬೇಕು. ಮುಂದಿನದೂ ಹಿಂದಿನದೂ ಅಚ್ಚಾಗಿ ಕೂತಿವೆ, ಒಂದು ಸಾಲು ಹೆಚ್ಚಾದರೂ ಸೇರುವುದಿಲ್ಲ.

ಕಾರ್ತೀಕ ಮುಗಿಯಿತು, ಚಳಿ ಬಂತು. ಬೈಂಡಿಂಗಿನವರು ಎರಡು ಸಲ ಹೇಳಿಕಳಿಸಿ ಸುಮ್ಮನಾದರು. ಮಗಳಿಗೆ ತಲೆ ಬಾಚುವಾಗ ಸಿಡುಕುತ್ತಿದ್ದೆ, ಅವಳು ತಾನೇ ಬಾಚಿಕೊಳ್ಳಲು ಕಲಿತಳು. ಒಂದು ಬೆಳಿಗ್ಗೆ ಹಲಗೆ ಮುಟ್ಟಿ ನೋಡಿದಾಗ ಮಣ್ಣು ಕೈಗಂಟಿತು. ಮೂಲೆಯ ಕಟ್ಟಿಗೆ ಗೆದ್ದಲು ಹತ್ತಿತ್ತು. ಅದನ್ನು ಕೊಡವಲಿಲ್ಲ, ಸೀಮೆಎಣ್ಣೆ ತರಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ತಿಂದರೆ ತಿನ್ನಲಿ ಅನ್ನಿಸಿತು. ಫೋಟೋ ಇಲ್ಲ, ಪುಸ್ತಕವೂ ಇಲ್ಲ. ನಾವಿಬ್ಬರು ಸತ್ತ ಮೇಲೆ ಹೀಗೊಂದು ಮಗು ಇತ್ತು, ಕರಿಬೇವನ್ನು ಸಾಲಾಗಿ ಜೋಡಿಸುತ್ತಿತ್ತು ಎಂದು ಹೇಳಲು ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ಸಾಯಬೇಕು ಅನ್ನಿಸಿತು. ಅದನ್ನು ಮುಚ್ಚಿಟ್ಟು ಏನಾಗಬೇಕು?

ಆವತ್ತು ಯಜಮಾನರಿಗೆ ವಾರದ ರಜ. ಹೊರಗೆ ಸೈಕಲ್ ತೊಳೆಯುತ್ತಿದ್ದವರು ಒಳಗೆ ಬಂದು ನನ್ನನ್ನು ನೋಡಿದರು. ಗೆದ್ದಲನ್ನೂ ನೋಡಿದರು. ಆ ಕಟ್ಟನ್ನು ಎತ್ತಿ ಹಿತ್ತಲಿಗೆ ಒಯ್ದು, ಒಂದೊಂದೇ ಹಾಳೆ ಕೊಡವಿ ಬಿಸಿಲಿಗೆ ಹಾಕಿ ಬಂದರು.

"ಯಾಕೆ ಸುಮ್ನೆ ಕಷ್ಟಪಡ್ತೀರಾ?" ಎಂದೆ. "ಪುಸ್ತಕ ಬರಲ್ಲ. ನಂಗೆ ಬರಿಯಕ್ಕಾಗ್ತಿಲ್ಲ. ನಿಮಗೇನು ಗೊತ್ತಾಗತ್ತೆ, ಒಂದಕ್ಷರನಾದ್ರೂ ಓದಿದೀರಾ?"

"ಓದಿದೀನಿ."

"ಯಾವಾಗ?"

"ಆವತ್ತು ಪ್ರೆಸ್ಸಿಗೆ ಕೊಡಕ್ಕೆ ಹೋದ್ನಲ್ಲ. ಯಡಿಯೂರು ಕೆರೆ ಹತ್ರ ಕೂತ್ಕೊಂಡು ಓದ್ದೆ. ಪಂಕ್ಚರ್ ಆಗಿರ್ಲಿಲ್ಲ." ಅವರು ಗೋಡೆಗೆ ಒರಗಿ ನನ್ನೆದುರಿಗೆ ನೆಲದ ಮೇಲೆ ಕೂತರು. "ಚೆನ್ನಾಗ್ ಬರ್ದಿದ್ದೆ. ಆದ್ರೆ ಹಾಗಿರ್ಲಿಲ್ಲ ಕಣೇ."

ಇಷ್ಟು ವರ್ಷದಲ್ಲಿ ಅವರು ಆ ಬಾಗಿಲು ತೆಗೆದಿರಲಿಲ್ಲ. ಈಗ ನಾನು ಕೆಮ್ಮಿದರೂ ಮುಚ್ಚಿಬಿಡುತ್ತಾರೆ ಎಂದು ಭಯವಾಯಿತು.

"ಕಥೆ ಗಿಥೆ ಏನೂ ಹೇಳ್ಲಿಲ್ಲ ನಾನು. ಬಾಯೇ ಬರ್ಲಿಲ್ಲ. ತುಳೀತಾ ಇದ್ದೆ ಅಷ್ಟೆ. ಅವ್ನ ತಲೆ ನನ್ನ ಗದ್ದದ ಕೆಳಗಿತ್ತು. ಸಣ್ಣಗೆ ಕೂದಲು ಬಂದಿತ್ತಲ್ಲ, ಚುಚ್ತಾ ಇತ್ತು. ಬಿಸಿ ತಡಿಯಕ್ಕಾಗ್ತಿರ್ಲಿಲ್ಲ. ಯಡಿಯೂರು ಕೆರೆ ಏರಿ ಹತ್ರ ಚೈನ್ ಬಿದ್ಹೋಯ್ತು. ಅವ್ನನ್ನ ಒಂದು ಕಲ್ಲಿನ ಮೇಲೆ ಕೂರಿಸ್ದೆ. ಸೈಕಲ್ ಮಗ್ಗುಲಾಗಿ ನಿಲ್ಲಿಸ್ಕೊಂಡು ಚೈನ್ ಹಾಕಕ್ಕೆ ಕೂತೆ. ಬೆಳಕು ಸಾಲ್ದು ಅಂತ ಆಕಡೆ ತಿರುಗ್ಕೊಂಡೆ. ಅಪ್ಪಾ, ಚೈನ್ ಹಾಕಿದ್ಯಾ, ಅಂದ. ಹಾಕ್ತಾ ಇದೀನಿ ಕಣೋ, ಅಂದೆ. ಚೈನು ಹಲ್ಲಿಗೆ ಕೂರ್ತಾನೇ ಇರ್ಲಿಲ್ಲ. ದಿನಾ ಮಷೀನ್ ಬಿಚ್ಚಿ ಜೋಡ್ಸೋನು ನಾನು. ಕೂರ್ಲಿಲ್ಲ. ಆಮೇಲೆ ಕೂತ್ಕೊಳ್ತು. ಆಯ್ತು ಬಾ ಮಗಾ ಅಂತ ತಿರುಗಿದ್ರೆ..."

ಅವರು ತಮ್ಮ ಅಂಗೈ ನೋಡಿಕೊಂಡರು.

"ಗ್ರೀಸ್ ಕೈಯಲ್ಲೇ ಎತ್ಕೊಂಡೆ. ಮತ್ತೆ ಕೂರಿಸ್ಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟ್ರು ಹೇಳಿದ್ರು. ನಂಗೆ ಗೊತ್ತಿತ್ತು."

"ಹಾಲು ಕುಡ್ದ ಅಂದ್ರಲ್ಲ? ಅಮ್ಮ ಎಲ್ಲಿ ಅಂದ ಅಂದ್ರಲ್ಲ?"

ಅವರು ಅಂಗೈಯನ್ನು ಪಂಚೆಗೆ ಉಜ್ಜಿಕೊಂಡರು.

ನನಗೆ ಮೊದಲು ಬಂದದ್ದು ಅಳುವಲ್ಲ, ರೋಷ. ಆ ಒಂದು ಗುಟುಕು ಹಾಲನ್ನು ಹಿಡಿದುಕೊಂಡು ನಾನು ಇಷ್ಟು ವರ್ಷ ಬದುಕಿದ್ದೆ. ಕೊನೆಗೆ ಹಸಿದುಕೊಂಡಿರಲಿಲ್ಲ, ಕೊನೆಗೆ ನನ್ನನ್ನು ನೆನೆದ ಎಂದು. ಅದನ್ನೇ ಬರೆದಿದ್ದೆ, ಅದೇ ಅಚ್ಚಾಗಿ ನನ್ನ ಬೆನ್ನ ಹಿಂದೆ ಕಿಟಕಿಯೆತ್ತರಕ್ಕೆ ಕೂತಿತ್ತು. ಅಷ್ಟೂ ಪ್ರತಿಗಳಲ್ಲಿ ಅವನು ಆಸ್ಪತ್ರೆಯ ಹಾಸಿಗೆಯ ಮೇಲೆ ಹಾಲು ಕುಡಿಯುತ್ತಿದ್ದ.

"ಸುಳ್ಳು," ಎಂದೆ. "ಎಲ್ಲಾ ಸುಳ್ಳು ಬರೆಸಿದ್ರಿ ನನ್ ಕೈಲಿ. ಎಂಟನೇ ಫಾರಂ ಹರ್ದು ಹಾಕ್ತೀನಿ. ಒಲೆಗೆ ಹಾಕ್ತೀನಿ. ಇದ್ದಿದ್ದು ಇದ್ದ ಹಾಗೆ ಬರೀತೀನಿ."

ಎದ್ದೂ ಬಿಟ್ಟೆ. ಮೇಲಿನ ಕಟ್ಟನ್ನು ಎಳೆದೆ. ಅವರು ನನ್ನ ಕೈ ಹಿಡಿಯಲಿಲ್ಲ, ಅಡ್ಡ ಬರಲಿಲ್ಲ. ಕೂತಲ್ಲಿಂದಲೇ ಹೇಳಿದರು.

"ನಿಂಗೆ ಹೇಗ್ ಬೇಕೋ ಹಾಗ್ ಮಾಡು. ಆದ್ರೆ ಪುಸ್ತಕದಲ್ಲಾದ್ರೂ ಅವನು ಆಸ್ಪತ್ರೆ ಮುಟ್ಟಲಿ ಕಣೇ."

ನಾನು ಕಟ್ಟಿನ ಮೇಲೆ ತಲೆಯಿಟ್ಟು ಅತ್ತೆ. ಹೊಸ ಕಾಗದದ, ಮಸಿಯ ವಾಸನೆ. ಮಗು ಸಾಯುವುದು ಬೇಡ ಎಂದಿದ್ದ ಆ ಪ್ರಕಾಶಕರನ್ನು ಬಯ್ದುಕೊಂಡು ಬಂದವಳು ನಾನು. ಇಲ್ಲಿ ಅವನ ಅಪ್ಪ ಕೇಳುತ್ತಿದ್ದದ್ದು ಬದುಕಿಸು ಎಂದಲ್ಲ. ಇನ್ನೊಂದಷ್ಟು ದಾರಿ, ಅಷ್ಟೇ. ಯಡಿಯೂರು ಕೆರೆಯಿಂದ ಮಾರ್ಕೆಟ್ಟಿನ ತನಕ.

ಆ ಮಧ್ಯಾಹ್ನವೇ ಬರೆಯಲು ಕೂತೆ. ಅವರು ಎದುರಿಗೆ ಕೂತಿದ್ದರು. ರೈಲಿನ ಕಥೆ ಹೋಯಿತು, ಕೆರೆಯ ಬೆಳಕು ಹೋಯಿತು. ಗದ್ದಕ್ಕೆ ಚುಚ್ಚುವ ಕೂದಲು ಬಂತು, ಅದರ ಹಿಂದೆಯೇ ಮಗು ಬಂದ. ನನ್ನ ಮಗನೇ. ಕೆರೆಯ ಏರಿಯ ಹತ್ತಿರ ಚೈನು ಬೀಳುತ್ತದೆ. ಅಪ್ಪ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಬೆನ್ನು ತಿರುಗಿಸಿ ಚೈನು ಹಾಕುತ್ತಾನೆ. ಚೈನ್ ಹಾಕಿದ್ಯಾ ಎಂದು ಮಗು ಕೇಳುತ್ತದೆ. ಚೈನು ಹಲ್ಲಿಗೆ ಕೂರುತ್ತದೆ. ಅಪ್ಪ ತಿರುಗುತ್ತಾನೆ, ಮಗು ಕೈ ಚಾಚುತ್ತದೆ. ಅವರು ಹೊರಡುತ್ತಾರೆ. ಸೌತ್ ಎಂಡ್ ಸರ್ಕಲ್ಲು ದಾಟುತ್ತಾರೆ, ಬಸವನಗುಡಿ ದಾಟುತ್ತಾರೆ. ಆ ಭಾಗವನ್ನು ನಾನು ಒಂದೊಂದೇ ರಸ್ತೆಯಾಗಿ ನಿಧಾನವಾಗಿ ಬರೆದೆ, ಒಂದು ಮರ, ಒಂದು ಅಂಗಡಿ ಬಿಡಲಿಲ್ಲ. ಬಿಟ್ಟರೆ ಅವನು ಎಲ್ಲಿ ಇಳಿದುಬಿಡುತ್ತಾನೋ ಎಂಬ ಹೆದರಿಕೆ. ಆಸ್ಪತ್ರೆಯ ಬಾಗಿಲು ಬರುವ ಹೊತ್ತಿಗೆ ಹದಿನಾರು ಪುಟ ತುಂಬಿತ್ತು.

ಈ ಸಲ ಯಾರನ್ನೂ ನಂಬಲಿಲ್ಲ. ಎರಡನೇ ಪ್ರತಿ ಬರೆದು ಟ್ರಂಕಿನಲ್ಲಿಟ್ಟೆ. ಕರಡು ತಿದ್ದಿ ಎಂದಿನಂತೆ ಯಜಮಾನರ ಕೈಲಿ ಕಳಿಸಿದೆನಾದರೂ, ಅಚ್ಚಿಗೆ ಹಾಕುವ ದಿನ ಪ್ರೆಸ್ಸಿಗೆ ಹೋಗಿ ಮಷೀನಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಜೋಡಿಸಿದ ಅಕ್ಷರ ತೊಳೆದು ಹಾಕುವ ಹಬ್ಬ ಇನ್ನು ಯಾವುದಿದೆಯೋ ಎಂದು ಮಾಲೀಕರನ್ನು ರೇಗಿಸಿದೆ.

ಹಿರಿಯ ಕಂಪೋಸಿಟರು ಕರಡಿನ ಒಂದು ಪುಟ ಹಿಡಿದುಕೊಂಡು ಬಂದರು. "ಅಮ್ಮಾ, ಇಲ್ಲೊಂದು ಕಡೆ ಪೆನ್ಸಿಲ್‌ನಲ್ಲಿ ತಿದ್ದಿದೆ. ನಿಮ್ ಕೈಬರಹ ಅಲ್ಲ. ನಿಮ್ಮನ್ನ ಕೇಳ್ದೆ ಮುಟ್ಟೋದು ಬೇಡ ಅಂತ ಬಿಟ್ಟಿದೀನಿ."

ನೋಡಿದೆ. ಅಪ್ಪ ಚೈನು ಹಾಕುವ ಸಾಲು. "ಬೆನ್ನು ತಿರುಗಿಸಿ" ಎಂಬುದರ ಮೇಲೆ ಗೀಟು ಹಾಕಿತ್ತು. ಮೇಲೆ, ಕಾರ್ಖಾನೆಯ ಹಾಜರಿಗೆ ಸಹಿ ಹಾಕುವ ಆ ದಪ್ಪ ಅಕ್ಷರದಲ್ಲಿ, "ಮಗುವನ್ನು ನೋಡಿಕೊಂಡೇ" ಎಂದು ಬರೆದಿತ್ತು.

"ಸಾಲಲ್ಲಿ ಹಿಡ್ಸತ್ತಾ?" ಎಂದು ಕೇಳಿದೆ.

"ಸ್ವಲ್ಪ ಬಿಗಿ ಆಗತ್ತೆ. ಹಿಡಿಸ್ತೀನಿ."

"ಹಾಗೇ ಹಾಕಿ," ಎಂದೆ.